ರಾತ್ರಿಯ ರೀಡಿಂಗ್, ಬೆಳಗಿನ ರೀಡಿಂಗ್

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಹಾಸನದ ಕಡೆಯವಳು. ಡಿಪ್ಲೊಮಾ ಮುಗಿಸಿ ಬಂದು ಆರು ವರ್ಷದಿಂದ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಿದ್ದೇನೆ. ಅಲ್ಯೂಮಿನಿಯಂ ಪೀಸುಗಳಿಗೆ 22 ಮಿಲಿಮೀಟರಿನ ಬೋರ್, ಅಂದರೆ ದುಂಡು ರಂಧ್ರ, ಹೊಡೆದು ಒಂದು ದೊಡ್ಡ ಕಂಪನಿಗೆ ಕಳಿಸುತ್ತೇವೆ. 21 ಮೈಕ್ರಾನ್‌ವರೆಗೆ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಹೆಚ್ಚಿದ್ದರೆ ನಡೆಯುತ್ತದೆ, ಒಂದು ಮೈಕ್ರಾನ್ ಕಡಿಮೆಯಾದರೂ ರಿಜೆಕ್ಟ್. ಎರಡು ತಿಂಗಳಿಂದ ರಾತ್ರಿ ಪಾಳಿಯ ಮಾಲು ಬೆಳಿಗ್ಗೆ ನಾನು ಅಳೆದಾಗ ಸಣ್ಣದು ಬರುತ್ತಿದೆ. ಸೂಪರ್‌ವೈಸರ್ ಒಪ್ಪುವುದಿಲ್ಲ. "ರಾತ್ರಿ ಓಕೆ ಇತ್ತು, ನಿನ್ನ ಗೇಜ್ ನೋಡ್ಕೋ" ಎಂದು ರಾತ್ರಿಯ ರೀಡಿಂಗನ್ನೇ ಬರೆಸಿ ಸಹಿ ಹಾಕಿಸುತ್ತಾರೆ. ಮೂರು ಲಾಟ್‌ಗೆ ಹಾಕಿದ್ದೇನೆ. ಕಳೆದ ವಾರ ಒಂದು ಲಾಟ್ ಪೂರ್ತಿ ವಾಪಸ್ ಬಂತು. ಓನರ್ ಮೀಟಿಂಗ್ ಕರೆದು "ಯಾರು ಮಾಡಿದ್ದು?" ಎಂದು ಕೂಗಾಡಿದರು. ಹದಿನಾಲ್ಕು ಜನ ನೆಲ ನೋಡುತ್ತಾ ನಿಂತಿದ್ದೆವು. ಸೂಪರ್‌ವೈಸರ್ ನನಗೆ ಕೆಲಸ ಕಲಿಸಿದವರು, ಅಣ್ಣ ಎಂದೇ ಕರೆಯುವುದು, ನಮ್ಮಪ್ಪ ತೀರಿಕೊಂಡಾಗ ಊರತನಕ ಜೊತೆಗೆ ಬಂದವರು. ಹೇಳಿದರೆ ಚಾಡಿಕೋರಿ ಆಗುತ್ತೇನೆ. ಹೇಳದಿದ್ದರೆ ನನ್ನ ಸಹಿಯೇ ನನ್ನ ಕುತ್ತಿಗೆಗೆ ಬರುತ್ತದೆ. ಹೆಸರು ಹಾಕದೆ ಓನರ್‌ಗೆ ಒಂದು ಪತ್ರ ಬರೆದುಬಿಡಲೇ?
– ಹೆಸರು ಬೇಡ, ಪೀಣ್ಯ ಎರಡನೇ ಹಂತ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲ ಉತ್ತರ: ಬೇಡ. ಮೂಗರ್ಜಿ ಬರೆಯಬೇಡಿ. ಸರಿ ತಪ್ಪಿನ ಮಾತು ಹಾಗಿರಲಿ, ಹದಿನಾಲ್ಕು ಜನರ ಜಾಗದಲ್ಲಿ ಅದು ಕೆಲಸಕ್ಕೇ ಬರುವುದಿಲ್ಲ. ಬೋರಿನ ಮೈಕ್ರಾನ್ ಲೆಕ್ಕ ಬರೆಯಬಲ್ಲವರು ನಿಮ್ಮಲ್ಲಿ ಮೂವರೋ ನಾಲ್ವರೋ. ಪತ್ರ ಒಡೆದ ಹತ್ತು ನಿಮಿಷಕ್ಕೆ ಬರೆದವರು ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಇಲ್ಲವೇ ಬರೆಯದ ಯಾರೋ ಪಾಪದವರ ತಲೆಗೆ ಅನುಮಾನ ಸುತ್ತಿಕೊಳ್ಳುತ್ತದೆ. ಆಮೇಲೆ ಟೀ ಹೊತ್ತಿನ ಹರಟೆಯೂ ನಿಂತುಹೋಗುತ್ತದೆ, ಸದ್ಯಕ್ಕೆ ನಿಮ್ಮಲ್ಲಿ ಬಾಯಿಬಿಟ್ಟು ಮಾತು ನಡೆಯುವ ಜಾಗ ಅದೊಂದೇ ಎಂದು ನನ್ನ ಊಹೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಚಾಡಿ ಎಂಬ ಪದದ ಮೇಲೆ. ಒಂದನೇ ಕ್ಲಾಸಿನ ಬೆಂಚಿನಿಂದಲೇ ನಮಗೆ ಅದರ ಭಯ. ಮಿಸ್ಸಿಗೆ ಹೇಳಿದವಳ ಜೊತೆ ವಾರವಿಡೀ ಎಲ್ಲರೂ ಟೂ ಬಿಡುತ್ತಿದ್ದರು. ಆ ಭಯವನ್ನೇ ಟಿಫಿನ್ ಡಬ್ಬಿಯ ಜೊತೆ ಕೆಲಸಕ್ಕೂ ಒಯ್ಯುತ್ತೇವೆ. ಆದರೆ ಏನು ಹೇಳಿದೆವು ಎಂಬುದರಿಂದ ಮಾತು ಚಾಡಿಯಾಗುವುದಿಲ್ಲ. ಯಾರ ಬೆನ್ನ ಹಿಂದೆ ಹೇಳಿದೆವು ಎಂಬುದರಿಂದ ಆಗುತ್ತದೆ. ಅಣ್ಣನ ಮುಖ ನೋಡಿ ಹೇಳಿದ್ದನ್ನೇ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಓನರ್ ಮುಂದೆ ಹೇಳಿದರೆ ಅದನ್ನು ಚಾಡಿ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ನೀವು ಬರೆಯಲು ಹೊರಟಿದ್ದೀರಲ್ಲ, ಆ ಹೆಸರಿಲ್ಲದ ಪತ್ರ, ಅದು ಅಪ್ಪಟ ಚಾಡಿ.

ಈಗ ನಿಮಗೆ ಸ್ವಲ್ಪ ಕಸಿವಿಸಿಯಾಗುವ ಮಾತು. ಅಣ್ಣ ಸುಳ್ಳು ರೀಡಿಂಗ್ ಬರೆಸುತ್ತಿದ್ದಾರೆ ಎಂದು ನೀವು ತೀರ್ಮಾನ ಮಾಡಿಬಿಟ್ಟಿದ್ದೀರಿ. ನನಗೆ ಅಷ್ಟು ಖಾತ್ರಿಯಿಲ್ಲ. ನಮ್ಮ ಮನೆಯಲ್ಲಿ ಟೂಲ್‌ರೂಮಿನಲ್ಲೇ ತಲೆ ನರೆಸಿಕೊಂಡವರೊಬ್ಬರಿದ್ದಾರೆ. ಊರು ಹೆಸರು ಬಿಟ್ಟು ನಿಮ್ಮ ಸಂಗತಿ ಹೇಳಿದೆ. ಪೇಪರಿನಿಂದ ತಲೆ ಎತ್ತದೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ರಾತ್ರಿ ಪೀಸ್ ಬಿಸಿ ಇದ್ದಾಗ್ಲೇ ಅಳೀತಾರಾ?"

ಲೆಕ್ಕ ನೋಡಿ. ಅಳತೆಯ ಕೆಲಸದಲ್ಲಿ ಎಲ್ಲ ಮೈಕ್ರಾನ್‌ಗಳೂ 20 ಡಿಗ್ರಿ ಸೆಲ್ಸಿಯಸ್‌ಗೆ ಕಟ್ಟಿದವು, ಅದು ನಿಮಗೆ ಗೊತ್ತೇ ಇದೆ. 22 ಮಿಲಿಮೀಟರಿನ ಅಲ್ಯೂಮಿನಿಯಂ ಬೋರ್ ಒಂದು ಡಿಗ್ರಿ ಬಿಸಿಗೆ ಸುಮಾರು ಅರ್ಧ ಮೈಕ್ರಾನ್ ಹಿಗ್ಗುತ್ತದೆ. ಮೆಷಿನ್‌ನಿಂದ ಆಗತಾನೇ ಇಳಿದ ಪೀಸು ನಿಮ್ಮ ಇನ್‌ಸ್ಪೆಕ್ಷನ್ ರೂಮಿಗಿಂತ 15 ಡಿಗ್ರಿ ಬೆಚ್ಚಗಿದ್ದರೆ ಏಳೆಂಟು ಮೈಕ್ರಾನ್ ಅಲ್ಲಿಗೇ ಆಯಿತು. ರಾತ್ರಿ ಎರಡು ಗಂಟೆಗೆ 22.005 ತೋರಿಸಿದ ಪೀಸು ಬೆಳಿಗ್ಗೆ ಎಂಟಕ್ಕೆ ನಿಮ್ಮ ಮೇಜಿನ ಮೇಲೆ 21.998ರ ಆಸುಪಾಸಿಗೆ ಇಳಿದಿರಬಹುದು. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದೀರಿ. ಎರಡು ತಿಂಗಳು ಒಬ್ಬರನ್ನೊಬ್ಬರು ಸುಳ್ಳರೆಂದು ನೋಡಿದ್ದೀರಿ, ಅಷ್ಟೇ.

ಇದೇ ಕಾರಣ ಎಂದು ನಾನು ಇಲ್ಲಿ ಕೂತು ಹೇಳಲಾರೆ. ಬೋರಿಂಗ್ ಇನ್ಸರ್ಟ್, ಅಂದರೆ ಕೊರೆಯುವ ಚಿಕ್ಕ ತುದಿ, ಸವೆಯುತ್ತ ಹೋದ ಹಾಗೆ ಬೋರ್ ಸಣ್ಣದಾಗುತ್ತ ಬರುತ್ತದೆ, ಆಪರೇಟರ್ ಮೆಷಿನ್ನಿಗೆ ಆಫ್‌ಸೆಟ್ (ಸವೆದಷ್ಟು ತಿದ್ದುಪಡಿ) ಕೊಟ್ಟು ಅಳತೆಯನ್ನು ಸರಿಗೆ ಎಳೆದುಕೊಳ್ಳುತ್ತಾನೆ. ಬಿಸಿ ಪೀಸಿನ ರೀಡಿಂಗ್ ನಂಬಿದವನು ಆಫ್‌ಸೆಟ್ ಯಾಕೆ ಕೊಡುತ್ತಾನೆ? ಸವೆದ ಇನ್ಸರ್ಟನ್ನು ಅವನು ಬದಲಾಯಿಸುತ್ತಲೂ ಇಲ್ಲ ಎನ್ನೋಣ. ರಾತ್ರಿ ಪಾಳಿಯಲ್ಲಿ ಸ್ಟೋರಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ, ಎಂದಾದರೂ ಕೇಳಿದ್ದೀರಾ? ಹೋದ ತಿಂಗಳು ಇನ್ಸರ್ಟ್ ಖರ್ಚು ಹೆಚ್ಚಾಯಿತೆಂದು ಯಾರಾದರೂ ಬೈಸಿಕೊಂಡರಾ? ಬೆಳಗಿನ ರೀಡಿಂಗ್ ಗೊತ್ತಿರುವುದು ನಿಮಗೆ. ಪೀಸು ಎಷ್ಟು ಬಿಸಿಯಿತ್ತು ಎಂಬುದು ಆಪರೇಟರನ ಬೆರಳಿಗೆ ಗೊತ್ತು. ಬೀಗದ ಕಥೆ ಸ್ಟೋರಿನವರಿಗೆ ಗೊತ್ತು. ಡಿಸ್ಪ್ಯಾಚ್ ಲಾರಿ ಎಷ್ಟು ಗಂಟೆಗೆ ಬಂದು ಹಾರ್ನ್ ಹೊಡೆಯುತ್ತದೆ, ಆಗ ಫೋನಿನಲ್ಲಿ ಯಾರ ಬೈಗುಳ ಕೇಳಬೇಕಾಗುತ್ತದೆ ಎಂಬುದು ನಿಮ್ಮ ಅಣ್ಣನಿಗೆ ಗೊತ್ತು. ಸಮಸ್ಯೆ ಹೀಗೆ ನಾಲ್ಕು ಜೇಬಿನಲ್ಲಿ ಹರಿದು ಹಂಚಿಹೋಗಿದೆ. "ಯಾರು ಮಾಡಿದ್ದು?" ಎಂದು ಕೂಗಿದಾಗ ಎಲ್ಲರೂ ಜೇಬನ್ನು ಬಿಗಿಯಾಗಿ ಹಿಡಿದುಕೊಂಡರು. ನಾನಾಗಿದ್ದರೂ ಹಿಡಿದುಕೊಳ್ಳುತ್ತಿದ್ದೆ.

ನಿಮ್ಮ ಓನರನ್ನು ಹಳಿಯುವ ಮೊದಲು ನನ್ನದೊಂದು ಹೇಳಿಬಿಡುತ್ತೇನೆ. ಈ ಅಂಕಣಕ್ಕೆ ಬರುವ ಮುಂಚೆ ನಾನೂ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿದ್ದೆ. ಒಂದು ಮಧ್ಯಾಹ್ನ ಪ್ರೆಸ್ ಸೆಕ್ಷನ್ನಿನ ಹುಡುಗನೊಬ್ಬ ಬಾಗಿಲಲ್ಲಿ ನಿಂತು, ಯಂತ್ರ ಏನೋ ಸದ್ದು ಮಾಡುತ್ತಿದೆ ಎಂದ. ಸಂಬಳದ ಪಟ್ಟಿಯಿಂದ ಕಣ್ಣು ತೆಗೆಯದೆ "ಬರೆದುಕೊಡಪ್ಪ" ಎಂದೆ. ಮುಂದಿನ ತಿಂಗಳು ಆ ಪ್ರೆಸ್ ಎರಡು ದಿನ ನಿಂತಿತು. ಯಾಕೆ ಮೊದಲೇ ಹೇಳಲಿಲ್ಲ ಎಂದು ಎಲ್ಲರೂ ಅವನನ್ನು ಕೇಳುತ್ತಿದ್ದಾಗ ಅವನು ನನ್ನ ಕಡೆ ಒಮ್ಮೆ ನೋಡಿ ಸುಮ್ಮನಾದ. ನಾನು ಕೂಗಾಡಿರಲಿಲ್ಲ, ಬೈದಿರಲಿಲ್ಲ. ತಲೆ ಎತ್ತಿರಲಿಲ್ಲ, ಅಷ್ಟೇ. ಮಾತು ಸಾಯಲು ಅಷ್ಟು ಸಾಕು.

ಹಾಗಾಗಿ ಎಲ್ಲರೂ ಇರುವ ಮೀಟಿಂಗಿನಲ್ಲಿ ಧೈರ್ಯವಾಗಿ ಎದ್ದು ನಿಂತು ಮಾತಾಡಿ ಎಂಬ ಉಪದೇಶ ನಾನು ಕೊಡುವುದಿಲ್ಲ. ಮುಚ್ಚುಮರೆ ಇಲ್ಲದೆ ಮಾತಾಡುವುದೆಂದರೆ ಎಲ್ಲರ ಮುಂದೆ ಎಲ್ಲವನ್ನೂ ಸುರಿಯುವುದು ಎಂದು ಈಚೆಗೆ ಯಾರೋ ಹಬ್ಬಿಸಿದ್ದಾರೆ. ಕೆಲಸ ಕಲಿಸಿದವರನ್ನು ಹದಿನಾಲ್ಕು ಜನರೆದುರು ತಪ್ಪಿತಸ್ಥರನ್ನಾಗಿ ನಿಲ್ಲಿಸಿದರೆ ಅವರಿಗೆ ಉಳಿಯುವ ದಾರಿ ಒಂದೇ, ತಾನು ಸರಿ ಎಂದು ಸಾಧಿಸುವುದು.

ಮೊದಲು ಅಣ್ಣನ ಹತ್ತಿರ ಹೋಗಿ. ಒಬ್ಬರೇ ಇದ್ದಾಗ, ಲಾರಿ ಹೊರಟ ಮೇಲೆ. ವಾಟ್ಸ್ಯಾಪ್ ಬೇಡ, ಅಲ್ಲಿ ಹೆಬ್ಬೆಟ್ಟಿನ ಗುರುತಿಗೆ ಹೂಂ ಎಂದೂ ಅರ್ಥ, ಬಾಯಿ ಮುಚ್ಚು ಎಂದೂ ಅರ್ಥ. "ನೀವು ತಪ್ಪು ಬರೆಸಿದಿರಿ" ಎಂದು ಶುರು ಮಾಡಬೇಡಿ. ನಿಮ್ಮ ತಪ್ಪಿನಿಂದ ಶುರು ಮಾಡಿ, ಅದು ನಿಜವೂ ಹೌದು: "ಅಣ್ಣ, ನಾನು ಅಳೆಯದ ರೀಡಿಂಗಿಗೆ ಮೂರು ಸಲ ಸಹಿ ಹಾಕಿದೆ. ನಿದ್ದೆ ಬರ್ತಿಲ್ಲ. ಇನ್ನು ಹಾಕಲ್ಲ. ಆದ್ರೆ ನಿಮ್ಮ ರೀಡಿಂಗ್ ಸುಳ್ಳು ಅಂತಾನೂ ನಾನು ಹೇಳ್ತಿಲ್ಲ. ಒಂದು ರಾತ್ರಿ ಜೊತೆಗೆ ಅಳೆಯೋಣ."

ಆಮೇಲೆ ಅಳೆಯಿರಿ. ಹತ್ತು ಪೀಸಿಗೆ ಮಾರ್ಕರಿನಿಂದ ಒಂದರಿಂದ ಹತ್ತರವರೆಗೆ ನಂಬರ್ ಹಾಕಿ. ಮೆಷಿನ್ನಿಂದ ಇಳಿದ ಕೂಡಲೇ ಅಣ್ಣ, ನೀವು, ಆಪರೇಟರ್ ಮೂವರೂ ಒಂದೇ ಬೋರ್ ಗೇಜಿನಲ್ಲಿ ಅಳೆದು ಬರೆಯಿರಿ. ಗೇಜನ್ನು ಖಚಿತ ಅಳತೆಯ ಮಾಸ್ಟರ್ ರಿಂಗಿಗೆ ಎಲ್ಲರ ಕಣ್ಣೆದುರೇ ಸೆಟ್ ಮಾಡಿ. ಪೀಸುಗಳನ್ನು ನಿಮ್ಮ ರೂಮಿನಲ್ಲಿಟ್ಟು, ಪೂರ್ತಿ ಆರಿದ ಮೇಲೆ ಅದೇ ಗೇಜಿನಲ್ಲಿ ಮತ್ತೆ ಅಳೆಯಿರಿ. ಅಳೆಯುವ ಹೊತ್ತಿಗೆ ಆಪರೇಟರನನ್ನು ಇನ್ಸರ್ಟ್ ಬಗ್ಗೆ ಕೇಳಿ. ಯಾಕೆ ಬದಲಾಯಿಸಲಿಲ್ಲ ಎಂದು ಕೇಳಿದರೆ ಅವನು ಬಾಯಿ ಬಿಡುವುದಿಲ್ಲ. ಒಂದು ತುದಿಗೆ ಎಷ್ಟು ಪೀಸು ಬರುತ್ತದೆ ಎಂದು ಕೇಳಿ, ತಾನಾಗಿ ಹೇಳುತ್ತಾನೆ.

ಆ ಹಾಳೆ ಹಿಡಿದು ಅಣ್ಣನೂ ನೀವೂ ಒಟ್ಟಿಗೆ ಓನರ್ ಹತ್ತಿರ ಹೋಗಿ. ಅಣ್ಣ ಬರಲೊಪ್ಪದಿದ್ದರೆ, "ನಾಳೆ ಹನ್ನೊಂದಕ್ಕೆ ನಾನು ಹೋಗ್ತೀನಿ, ಇದನ್ನೇ ಹೇಳ್ತೀನಿ" ಎಂದು ಹಾಳೆ ತೋರಿಸಿ ಹೋಗಿ. ಹಳೆಯ ಮೂರು ಲಾಟ್‌ಗಳ ಸಂಗತಿಯನ್ನು ಅಲ್ಲಿ ಮುಚ್ಚಿಡಬೇಡಿ. ವಾಪಸ್ ಬಂದದ್ದು ಒಂದೇ. ಉಳಿದ ಮಾಲು ಇನ್ನೂ ಗಿರಾಕಿಯ ಗೋದಾಮಿನಲ್ಲಿರಬಹುದು, ಯಾರೋ ಬಲವಂತವಾಗಿ ಪಿನ್ ಒತ್ತಿ ಕೂರಿಸುತ್ತಲೂ ಇರಬಹುದು. ಅವರಿಗೆ ಇದು ನಿಮ್ಮ ಕಡೆಯಿಂದ ತಿಳಿಯಬೇಕು. ಇದರಲ್ಲಿ ಅಣ್ಣನ ಮುಲಾಜು, ನನ್ನ ಮುಲಾಜು ಯಾವುದೂ ಬರುವುದಿಲ್ಲ.

ಗಿರಾಕಿ ಕಾರಣ ಬರೆದುಕೊಡಿ ಎಂದು ಕೇಳಿಯೇ ಇರುತ್ತಾರೆ. ಆ ಕಾಲಮ್ಮಿನಲ್ಲಿ "ಆಪರೇಟರ್ ನಿರ್ಲಕ್ಷ್ಯ, ತರಬೇತಿ ನೀಡಲಾಗಿದೆ" ಎಂದು ಬರೆದು ಕೈ ತೊಳೆದುಕೊಂಡ ರಿಪೋರ್ಟುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ತರಬೇತಿ ಎಂದರೆ ಒಂದು ಹಾಳೆಗೆ ಎಲ್ಲರ ಸಹಿ. ನಿಮ್ಮಲ್ಲೂ ಹಾಗೆ ಬರೆಯುವ ಮೊದಲೇ ಈ ಹತ್ತು ಪೀಸಿನ ಹಾಳೆ ಓನರ್ ಮೇಜಿಗೆ ಹೋಗಲಿ.

ಓನರ್‌ಗೆ ಹೇಳಬೇಕಾದ್ದು ಇನ್ನೂ ಒಂದಿದೆ. ಮುಂದಿನ ಎರಡು ಮೂರು ತಿಂಗಳು ಪುಸ್ತಕದಲ್ಲಿ ರಿಜೆಕ್ಷನ್ ಏರುತ್ತದೆ. ಇಷ್ಟು ದಿನ ಮುಚ್ಚಿಟ್ಟದ್ದು ಬರೆಯತೊಡಗಿದರೆ ಏರಲೇಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ರೋಗಿಗೆ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕಹಾಕಿದರು. ಒಳ್ಳೆಯ ತಂಡವಿರುವ ವಾರ್ಡಿನಲ್ಲಿ ತಪ್ಪು ಕಡಿಮೆ ಸಿಗಬೇಕು ಎಂಬುದು ಅವರ ಎಣಿಕೆ. ಸಿಕ್ಕಿದ್ದು ಹೆಚ್ಚು. ಕೆದಕಿ ನೋಡಿದರೆ ಆ ವಾರ್ಡುಗಳ ನರ್ಸುಗಳು ತಮ್ಮ ತಪ್ಪನ್ನು ಹೇಳಿಕೊಳ್ಳಲು ಹೆದರುತ್ತಿರಲಿಲ್ಲ, ಉಳಿದ ಕಡೆ ಹೆದರಿ ಮುಚ್ಚುತ್ತಿದ್ದರು. ಇದನ್ನು ಮೊದಲೇ ತಿಳಿಸದಿದ್ದರೆ ನಿಮ್ಮ ಓನರ್ ಮೊದಲ ತಿಂಗಳ ಅಂಕಿ ನೋಡಿ ಮತ್ತೆ ಕೂಗುತ್ತಾರೆ, ಮತ್ತೆ ಎಲ್ಲರ ಕಣ್ಣು ನೆಲಕ್ಕೆ.

ಅವರಿಗೂ ಈ ವಿಷಯ ಪೂರಾ ಹೊಸದೇನಲ್ಲ ಎಂದುಕೊಂಡಿದ್ದೇನೆ. ಪೀಣ್ಯದಲ್ಲಿ ಕೈಜೆನ್ (ನಿತ್ಯ ಸುಧಾರಣೆಯ ಜಪಾನಿ ಪದ್ಧತಿ) ಬೋರ್ಡ್ ಇಲ್ಲದ ಗೋಡೆ ಅಪರೂಪ. ಆ ಬೋರ್ಡಿನ ಹಿಂದೆ ಒಂದು ಮಗ್ಗವಿದೆ. 1924ರಲ್ಲಿ ಜಪಾನಿನ ಸಕಿಚಿ ಟೊಯೊಡ ಪೂರ್ಣಗೊಳಿಸಿದ ಮಗ್ಗ ಒಂದು ಎಳೆ ಹರಿದರೆ ತಾನಾಗಿ ನಿಲ್ಲುತ್ತಿತ್ತು. ಮುಂದೆ ಅವರ ಮನೆತನದ ಟೊಯೋಟಾ ಕಾರು ಕಾರ್ಖಾನೆಗಳಲ್ಲಿ ಲೈನಿನ ಉದ್ದಕ್ಕೂ ಹಗ್ಗ ಕಟ್ಟಿದರು. ಅನುಮಾನ ಬಂದ ಕೆಲಸಗಾರ ಅದನ್ನೆಳೆದರೆ ಲೀಡರ್ ಓಡಿಬಂದು ಏನಾಯಿತು ಎಂದು ಕೇಳುತ್ತಿದ್ದ. ಬೋರ್ಡು ನಮ್ಮಲ್ಲಿಗೂ ಬಂತು, ಹಗ್ಗ ಬರಲಿಲ್ಲ. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ" ಎಂಬುದು ಬಸ್ಸಿನ ಸೀಟಿಗೆ ಚೆಂದದ ಮಾತು, ಬೋರಿಗೆ ಅಲ್ಲ. ಆಯುಧಪೂಜೆಗೆ ವರ್ನಿಯರ್‌ಗೂ ಕುಂಕುಮ ಇಡುತ್ತೇವೆ, ಮಾರನೆಯ ದಿನ ಅದೇ ವರ್ನಿಯರ್ ಹೆಸರಿನಲ್ಲಿ ಕಾಣದ ಅಂಕಿ ಬರೆಯುತ್ತೇವೆ.

ಇಷ್ಟೆಲ್ಲ ಮಾಡಿಯೂ ಓನರ್ ನಿಮ್ಮ ಮೇಲೇ ತಿರುಗಿಬೀಳಬಹುದು. ಅಣ್ಣ ಆರು ತಿಂಗಳು ಮಾತು ಬಿಡಬಹುದು. ಅದು ಆಗುವುದೇ ಇಲ್ಲ ಎಂದು ನಾನು ಭರವಸೆ ಕೊಟ್ಟರೆ ನಾನೂ ರೀಡಿಂಗ್ ಹೊಂದಿಸಿ ಬರೆದಂತೆ. ಅಂಥ ದಿನ ಬಂದರೆ, ಆರು ವರ್ಷ ಬೋರ್ ಅಳೆದ ಕೈಗೆ ಪೀಣ್ಯದಲ್ಲಿ ಇನ್ನೊಂದು ಗೇಟು ತೆರೆಯುತ್ತದೆ. ನೀವು ಅಳೆದದ್ದರ ಒಂದು ಪ್ರತಿ ದಿನಾಂಕ ಸಮೇತ ನಿಮ್ಮ ಹತ್ತಿರವೂ ಇರಲಿ. ಯಾರನ್ನೂ ಬೆದರಿಸಲು ಅಲ್ಲ, ನಿಮ್ಮ ನೆನಪಿಗೆ.

ಆದರೆ ಅಪ್ಪನ ಸಾವಿಗೆ ಊರತನಕ ಬಂದವರು ಹತ್ತು ಪೀಸು ಅಳೆಯಲು ಒಂದು ರಾತ್ರಿ ಪಕ್ಕದಲ್ಲಿ ಕೂರಲಾರರೇ? ಮಾರ್ಕರ್ ನೀವೇ ತೆಗೆದುಕೊಂಡು ಹೋಗಿ, ಸ್ಟೋರಿಗೆ ಬೀಗ ಹಾಕಿರುತ್ತದೆ. ಪೀಸು ಆರುವವರೆಗೆ ಗೇಟಿನಾಚೆಯ ಗಾಡಿಯಲ್ಲಿ ಅವರಿಗೊಂದು ಟೀ ಕೊಡಿಸಿ.