ಇಂಗ್ಲಿಷಿನ ಕಾಪ್ಸ್, ಸ್ಪಿನಿ, ಥಿಕೆಟ್: ಮೂರೂ ‘ಸಣ್ಣ ಕಾಡು’ ಅಂದರೆ ಕಥೆಯಲ್ಲಿ ಯಾವುದನ್ನು ಬಳಸಲಿ?

ಡಿಕ್ಷನರಿ ಬರೀ ಅರ್ಥ ಕೊಡುತ್ತದೆ, ಆ ಜಾಗ ಹೇಗಾಯಿತು ಅಂತ ಹೇಳುವುದಿಲ್ಲ. ನಿಮ್ಮ ಗೊಂದಲಕ್ಕೆ ಬಹುಶಃ ಅದೇ ಕಾರಣ. ಮೊದಲು ಅದನ್ನು ನೋಡಿ. ಕಾಪ್ಸ್ ಅಂದರೆ ಮೂಲತಃ ಮರಗಳನ್ನು ಬುಡದ ಹತ್ತಿರ ಕಡಿದು, ಮೋಟಿನಿಂದ ನೆಟ್ಟಗಿನ ಕೊಂಬೆಗಳು ಒಟ್ಟೊಟ್ಟಿಗೆ ಚಿಗುರಲು ಬಿಟ್ಟು, ಕೆಲವು ವರ್ಷಕ್ಕೊಮ್ಮೆ ಮತ್ತೆ ಕಡಿಯುತ್ತಿದ್ದ ತೋಪು. ಸ್ಪಿನಿ ಅನ್ನುವುದು ‘ಮುಳ್ಳು’ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು, ಜನ ಬೇಟೆಯಾಡುವ ಹಕ್ಕಿಗಳಿಗೆ ಮರೆಯಾಗಲಿ ಅಂತ ಬೆಳೆಸಿದ ತೋಪಿಗೂ ಅದೇ ಹೆಸರು. ಥಿಕೆಟ್ ಸುಮ್ನೆ ಒತ್ತಾಗಿ ಬೆಳೆದ ಪೊದೆ, ನುಗ್ಗಿ ಹೋಗುವುದೇ ಕಷ್ಟ. ಕಾಪ್ಸ್, ಸ್ಪಿನಿ ನಡುವಿನ ಗೆರೆ ಈಗ ಇಂಗ್ಲಿಷರಿಗೂ ಅಷ್ಟು ಸ್ಪಷ್ಟವಿಲ್ಲ, ಅಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಆಮೇಲೆ ಪ್ರದೇಶ ನೋಡಿ, ಇದು ಇನ್ನೂ ಮುಖ್ಯ. ಉದಾಹರಣೆಗೆ, ನೀರು ಹರಿಯುವ ಹಳ್ಳಕ್ಕೆ ಉತ್ತರ ಇಂಗ್ಲೆಂಡಿನಲ್ಲಿ ಬೆಕ್ ಅಂತಾರೆ, ಸ್ಕಾಟ್ಲೆಂಡಿನಲ್ಲಿ ಬರ್ನ್. ದಕ್ಷಿಣ ಇಂಗ್ಲೆಂಡಿನ ಸೀಮೆಸುಣ್ಣದ ಗುಡ್ಡಗಳಲ್ಲಿ ಚಳಿಗಾಲದ ಮಳೆಗೆ ಅಂತರ್ಜಲ ಏರಿದಾಗ ಮಾತ್ರ ಹರಿಯುವುದು ವಿಂಟರ್‌ಬೋರ್ನ್. ಕಥೆ ಎಲ್ಲಿ ನಡೆಯುತ್ತದೆ ಅಂತ ನೀವು ಹೇಳಿಲ್ಲ, ಅದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಕೊನೆಗೆ ಪ್ರತಿ ಪದದ ಫೋಟೋ ಹುಡುಕಿ, ಕಣ್ಣಿಗೆ ಕಂಡದ್ದನ್ನು ಒಂದು ಸಾಲು ಬರೆದಿಡಿ. ಒಂದು ಪ್ಯಾರಾಗೆ ಇಂಥ ಒಂದೇ ಪದ ಸಾಕು.