ಹೊಸ ಎಲ್‌ಪಿ (ಹಾಡಿನ ದೊಡ್ಡ ವಿನೈಲ್ ರೆಕಾರ್ಡ್) ತರಿಸಿದರೆ ಕವರಿನ ಅಂಚು ಹರಿದೇ ಬರುತ್ತದಲ್ಲ, ಯಾಕೆ?

ಕವರನ್ನು ಹರಿಯುವುದು ಹೆಚ್ಚಾಗಿ ಒಳಗಿರುವ ರೆಕಾರ್ಡೇ. 12 ಇಂಚಿನ ಎಲ್‌ಪಿ ಸುಮಾರು 120ರಿಂದ 180 ಗ್ರಾಂ ತೂಗುತ್ತದೆ. ಪಾರ್ಸೆಲ್ ಕೆಳಗೆ ಬಿದ್ದಾಗ ಅದು ಒಳಗಿಂದಲೇ ಗುದ್ದಿ, ಅಂಟಿಸಿದ ಅಂಚನ್ನು ಸೀಳುತ್ತದೆ. ಹೊರಗಡೆ ಎಷ್ಟು ಬಬಲ್ ರ್‍ಯಾಪ್ ಸುತ್ತಿದರೂ ಇದು ತಪ್ಪುವುದಿಲ್ಲ.

ಹಾಗಾಗಿ ಪ್ಯಾಕ್ ಮಾಡುವಾಗ ರೆಕಾರ್ಡನ್ನು ಒಳಚೀಲದ ಸಮೇತ ಕವರಿನಿಂದ ಹೊರತೆಗೆದು, ಕವರಿನ ಹಿಂದೆ ಇಡಬೇಕು. ಎರಡೂ ಬದಿಗೆ ಗಟ್ಟಿ ರಟ್ಟು, ಮೂಲೆಗಳ ಸುತ್ತ ಸ್ವಲ್ಪ ಖಾಲಿ ಜಾಗ ಬೇಕು. ಸೀಲ್ ಒಡೆಯದ ಹೊಸ ರೆಕಾರ್ಡಾದರೆ ಮಾರುವವರು ತಾವಾಗಿ ಬಿಚ್ಚುವುದಿಲ್ಲ. ಆರ್ಡರ್ ಮಾಡುವಾಗಲೇ 'ಸೀಲ್ ಒಡೆದು ಕಳಿಸಿ' ಅಂತ ಬರೆಯಿರಿ.

ನನಗೊಮ್ಮೆ ಬರೀ ಪ್ಲಾಸ್ಟಿಕ್ ಚೀಲದಲ್ಲಿ ಬಂದಿತ್ತು, ಸೀರೆ ಕಳಿಸಿದ ಹಾಗೆ! ಪಾರ್ಸೆಲ್ ಬಿಚ್ಚುವಾಗ ವಿಡಿಯೊ ಮಾಡಿಕೊಂಡಿದ್ದಕ್ಕೆ ದುಡ್ಡು ವಾಪಸ್ ಸಿಕ್ಕಿತು.