ಒಂದೇ ಏಟಿಗೆ ತಂಡ ಕಟ್ಟಲಾಗದು

ಪ್ರಶ್ನೆ: 2025ರ ಜೂನ್‌ನಲ್ಲಿ ರಾಷ್ಟ್ರ ತಂಡಗಳ ಪ್ರೊ ಲೀಗ್‌ ಟೂರ್ನಿಯಲ್ಲಿ ನಮ್ಮ ಪುರುಷರ ಹಾಕಿ ತಂಡ ಸತತ ಏಳು ಪಂದ್ಯ ಸೋತಿತು. ಹಳಬರನ್ನೆಲ್ಲ ಒಂದೇ ಏಟಿಗೆ ಮನೆಗೆ ಕಳಿಸಿ ಜೂನಿಯರ್ ಹುಡುಗರನ್ನೇ ಆಡಿಸಬಾರದೇಕೆ?
– ಹಾಸನದ ಓದುಗರೊಬ್ಬರು

ಸಂಪಾದಕರ ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಹೆಸರಿನ ಬಲದ ಮೇಲೆ ಜಾಗ ಹಿಡಿದು ಕೂತವರ ಪರ ವಕಾಲತ್ತು ನನ್ನದಲ್ಲ. ಆದರೆ ‘ಒಂದೇ ಏಟಿಗೆ’ ಎಂದಿರಲ್ಲ, ಅಲ್ಲಿ ನನ್ನ ತಕರಾರು.

2012ರ ಲಂಡನ್ ಒಲಿಂಪಿಕ್ಸ್ ನೆನಪಿದೆಯೇ? ಆಡಿದ್ದೆಲ್ಲ ಸೋತು ಹನ್ನೆರಡನೆಯ, ಅಂದರೆ ಕಟ್ಟಕಡೆಯ ಸ್ಥಾನ. ಆ ತಂಡವನ್ನು ಪೂರ್ತಿ ಗುಡಿಸಿ ಹಾಕಿದ್ದರೆ ಶ್ರೀಜೇಶ್, ಮನ್‌ಪ್ರೀತ್ ಸಿಂಗ್, ಬೀರೇಂದ್ರ ಲಾಕ್ರಾ ಕೂಡ ಹೋಗುತ್ತಿದ್ದರು. 2021ರಲ್ಲಿ ಟೋಕಿಯೋದಲ್ಲಿ ಕಂಚು ಗೆದ್ದ ತಂಡದಲ್ಲಿ ಮೂವರೂ ಇದ್ದರು; ನಾಯಕ ಮನ್‌ಪ್ರೀತ್.

ಜೂನಿಯರ್ ಹುಡುಗರ ಮಾತಿಗೆ ಬನ್ನಿ. 2016ರಲ್ಲಿ ಲಖನೌದಲ್ಲಿ ಜೂನಿಯರ್ ವಿಶ್ವಕಪ್ ಗೆದ್ದವರು ಸೀನಿಯರ್ ತಂಡಕ್ಕೆ ಹಿಂಡಾಗಿ ನುಗ್ಗಲಿಲ್ಲ, ಒಬ್ಬೊಬ್ಬರಾಗಿ ಬಂದರು. ನಾಯಕ ಹರ್ಜೀತ್‌ಗೆ ಒಲಿಂಪಿಕ್ಸ್ ಒಲಿಯಲೇ ಇಲ್ಲ. ಆ ಫೈನಲ್‌ನಲ್ಲಿ ಗೋಲು ಹೊಡೆದ ಸಿಮ್ರನ್‌ಜೀತ್ ಟೋಕಿಯೋಗೆ ಆಯ್ಕೆಯಾದದ್ದು ಹದಿನಾರರ ಪಟ್ಟಿಯ ಹೊರಗಿನ ಕಾಯ್ದಿಟ್ಟ ಆಟಗಾರನಾಗಿ. ಕೋವಿಡ್‌ನಿಂದ ನಿಯಮ ಸಡಿಲವಾಗಿ ಕಾಯ್ದಿಟ್ಟವರೂ ಆಡಬಹುದಾಯಿತು, ಅವಕಾಶ ಸಿಕ್ಕಿತು. ಜರ್ಮನಿಯನ್ನು 5–4ರಿಂದ ಮಣಿಸಿದ ಕಂಚಿನ ಪಂದ್ಯದಲ್ಲಿ ಎರಡು ಗೋಲು ಅವರವು.

2024ರ ಪ್ಯಾರಿಸ್‌ ತಂಡದ ಹದಿನಾರರಲ್ಲಿ ಐವರಿಗಷ್ಟೇ ಅದು ಮೊದಲ ಒಲಿಂಪಿಕ್ಸ್. ರೂಪಿಂದರ್ ಪಾಲ್ ನಿವೃತ್ತರಾದಾಗ ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡನ್ನು ಎಳೆದು ಗೋಲಿಗೆ ಚಿಮ್ಮಿಸುವ ಡ್ರ್ಯಾಗ್ ಫ್ಲಿಕ್‌ಗೆ ಆಳು ಹುಡುಕುವ ಪರದಾಟ ಬರಲಿಲ್ಲ, ರೂಪಿಂದರ್ ಪಕ್ಕದಲ್ಲೇ ಹರ್ಮನ್‌ಪ್ರೀತ್ ಪಳಗಿದ್ದರು. ಬ್ರಿಟನ್ ಎದುರಿನ ಕ್ವಾರ್ಟರ್‌ಫೈನಲ್‌ನಲ್ಲಿ ರಕ್ಷಣೆಯ ಆಟಗಾರ ರೋಹಿದಾಸ್‌ಗೆ ರೆಡ್ ಕಾರ್ಡ್ ಬಿದ್ದು, ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಮಂದಿ ಆಡಬೇಕಾಯಿತು. ಮಿಡ್‌ಫೀಲ್ಡ್‌ನ ಮನ್‌ಪ್ರೀತ್ ಹಿಂದೆ ಸರಿದು ರಕ್ಷಣೆಗೆ ನಿಂತರು. ಅಂಥ ಹೊತ್ತಿನಲ್ಲಿ ಎಲ್ಲಿ ನಿಲ್ಲಬೇಕೆಂದು ಯಾವ ಕೋಚ್ ಕೂಗಿ ಹೇಳಲಾದೀತು? ಪಂದ್ಯ ಶೂಟೌಟ್‌ಗೆ ಹೋಯಿತು, ಗೆದ್ದೆವು. ಅಂದಹಾಗೆ, ನೀವು ಹಳಿದ ಅದೇ ತಂಡ, ಸಣ್ಣಪುಟ್ಟ ಬದಲಾವಣೆಗಳೊಂದಿಗೆ, ಅದೇ 2025ರ ಸೆಪ್ಟೆಂಬರ್‌ನಲ್ಲಿ ಬಿಹಾರದ ರಾಜಗೀರ್‌ನಲ್ಲಿ ಕೊರಿಯಾವನ್ನು 4–1ರಿಂದ ಸೋಲಿಸಿ ಏಷ್ಯಾ ಕಪ್ ತಂದಿತು. ಆಗ ನಿಮ್ಮಿಂದ ಪತ್ರ ಬರಲಿಲ್ಲ!

ನಿಮ್ಮೊಬ್ಬರನ್ನೇ ಏಕೆ ದೂರಲಿ? ಹಾಕಿ ಆಡಳಿತಕ್ಕೂ ಇದೇ ಅವಸರ. ವಾಲ್ಷ್, ವಾನ್ ಆಸ್, ಓಲ್ಟ್‌ಮನ್ಸ್, ಮರೈನ್, ಹರೇಂದ್ರ, ರೀಡ್ – 2013ರಿಂದ 2019ರೊಳಗೆ ಆರು ಕೋಚ್‌ಗಳನ್ನು ಕಂಡ ತಂಡವಿದು. ಆಟಗಾರರ ಹೆಸರನ್ನಾದರೂ ನೆಟ್ಟಗೆ ತಿಳಿಯಲು ಪುಣ್ಯಾತ್ಮರಿಗೆ ಸಮಯ ಸಿಕ್ಕಿತ್ತೋ ಇಲ್ಲವೋ.

ಪಟ್ಟಿಯ ತುದಿ ಕತ್ತರಿಸುವ ಉತ್ಸಾಹ ಎಲ್ಲರಿಗೂ ಇದೆ, ಬುಡಕ್ಕೆ ಯಾರು ಬಂದು ಸೇರುತ್ತಿದ್ದಾರೆಂದು ಕೇಳುವವರಿಲ್ಲ. ಕೊಡಗಿನಲ್ಲಿ 1997ರಲ್ಲಿ ಶುರುವಾದ ಕೌಟುಂಬಿಕ ಹಾಕಿ ಹಬ್ಬದಲ್ಲಿ ನೂರಾರು ಮನೆತನಗಳು ಆಡುತ್ತವೆ. ಆದರೂ ರಘುನಾಥ್, ಸುನಿಲ್ ನಂತರ ಟೋಕಿಯೋ, ಪ್ಯಾರಿಸ್ ಎರಡೂ ತಂಡಗಳಲ್ಲಿ ಕೊಡಗಿನ ಒಬ್ಬರೂ ಇರಲಿಲ್ಲ. ಆ ಹಬ್ಬದ ಮೈದಾನಕ್ಕೂ ರಾಷ್ಟ್ರೀಯ ಶಿಬಿರಕ್ಕೂ ನಡುವಿನ ಮೆಟ್ಟಿಲುಗಳು ಎಲ್ಲಿ ಮುರಿದಿವೆ? ಅದನ್ನು ಕೇಳಿ ಬರೆಯಿರಿ, ಇದರ ಎರಡರಷ್ಟು ಜಾಗ ಕೊಡುತ್ತೇನೆ.